ತಾರೀಖು ಒಂದೇ, ಸಂಗತಿಗಳು ಹಲವು

ವಾಚಕ ಮಹಾಶಯರಲ್ಲಿ ಯಾರಾದರೂ ನಮ್ಮ ಗದಗ-ಬೆಟಗೇರಿ, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಗಳ ಕಡೆಯ ಹಳೆಯ ಪ್ರಾಥಮಿಕ ಶಾಲೆಯೊಂದರ ದಾಖಲೆ ಪುಸ್ತಕವನ್ನು ತೆರೆದು ನೋಡಿದರೆ ಒಂದು ವಿಚಿತ್ರವು ಅವರ ಕಣ್ಣಿಗೆ ಬೀಳದೆ ಇರಲಾರದು. ಪುಟದ ಮೇಲೆ ಪುಟವನ್ನು ತಿರುವಿದರೂ ಮಕ್ಕಳಲ್ಲಿ ಬಹುತೇಕರು ಜೂನ 1ನೆಯ ತಾರೀಖಿನಂದೇ ಹುಟ್ಟಿರುತ್ತಾರೆ. ಮುಂಗಾರು ಮಳೆಯ ಸಂಗಡ ಕೂಸುಗಳೂ ಮುಗಿಲಿನಿಂದ ಇಳಿದು ಬಂದುವೋ ಏನೋ ಎಂದು ಪರಸ್ಥಳದವರಿಗೆ ಅನಿಸಿದರೆ ಆಶ್ಚರ್ಯವಿಲ್ಲ. ಕಾರಣವು ಬಹಳ ಸರಳವಾದುದು. ಶಾಲೆಗಳು ಆರಂಭವಾಗುತ್ತಿದ್ದುದು ಆ ದಿನ. ಮಗುವನ್ನು ಕೈಹಿಡಿದು ಕರೆತಂದ ತಾಯಿಗೆ ತಾರೀಖು ತಿಳಿಯದು. ಆಕೆಗೆ ತಿಳಿದಿರುವುದು ಕಾರಹುಣ್ಣಿಮೆಯ ಹಿಂದುಮುಂದು, ಜೋಳ ಕೊಯ್ಯುವ ಸುಗ್ಗಿ, ತೇರು ಎಳೆದ ಮರುದಿನ, ಇಂಥವು. ಪುಸ್ತಕದ ಅಂಕಣಕ್ಕಾದರೋ ತಾರೀಖೇ ಬೇಕು. ಆಗ ಮಾಸ್ತರನು ಲೇಖನಿಯನ್ನು ಮಸಿಯಲ್ಲಿ ಅದ್ದಿ ಜೂನ 1 ಎಂದು ಬರೆದು ಮುಂದಿನ ಮಗುವನ್ನು ಕರೆಯುತ್ತಿದ್ದನು. ನಮ್ಮ ಜನ್ಮದಿನವೂ ಸರಕಾರದ ಲೆಕ್ಕದಲ್ಲಿ 1965ನೆಯ ಇಸವಿಯ ಜೂನ 1. ನಮ್ಮ ತಾಯಿಯವರು ಹೇಳುತ್ತಿದ್ದುದು ಮಾತ್ರ ಮಹಾನವಮಿಯ ಅಮಾವಾಸ್ಯೆಯನ್ನು. ಮುಂದೆ ನಾವೂ ಮಾಸ್ತರಿಕೆಗೆ ನಿಂತಾಗ ನಮ್ಮ ಗುರುಗಳ ಪದ್ಧತಿಯನ್ನೇ ಮುಂದುವರಿಸಿದೆವು. ಆ ವಿಷಯದಲ್ಲಿ ನಾವು ಹೇಳಿಕೊಳ್ಳಬೇಕಾದ ಒಂದು ತಪ್ಪುಂಟು. ಅದನ್ನು ಮುಂದೆ ಹೇಳುವೆವು.

ಮೂವತ್ತು ವರ್ಷಗಳಿಗೂ ಮಿಕ್ಕಿ ನಾವು ಶಾಲೆಯ ಕರಿಹಲಗೆಯ ಮೇಲೆ ಪ್ರತಿದಿನ ಪ್ರಾರ್ಥನೆಗೆ ಮುಂಚೆ ‘ದಿನವಿಶೇಷ’ವನ್ನು ಬರೆಯುತ್ತಿದ್ದೆವು. ಇಂದಿನ ತಾರೀಖಿಗೆ ಹಿಂದೆ ಏನೇನು ನಡೆಯಿತೆಂಬುದೇ ಅದರ ವಿಷಯ. ಹಾಗೆ ಬರೆಯುತ್ತ ಬರೆಯುತ್ತ, ಒಂದೇ ತಾರೀಖಿನ ಕೆಳಗೆ ಬಂದು ಕೂಡುವ ಸಂಗತಿಗಳೆಲ್ಲ ಒಂದೇ ಜಾತಿಯವಲ್ಲವೆಂಬುದು ನಮಗೆ ಮನವರಿಕೆಯಾಯಿತು. ಕೆಲವು ಕಾಕತಾಲೀಯವಾಗಿ ಕೂಡಿದವು. ಕೆಲವನ್ನು ಮನುಷ್ಯರೇ ಬುದ್ಧಿಪೂರ್ವಕವಾಗಿ ಕೂಡಿಸಿದರು. ಕೆಲವಂತೂ ನಮ್ಮಂಥ ಮಾಸ್ತರರ ಮಸಿಯಿಂದ ಹುಟ್ಟಿದವು.

ಜೂನ 1ನೆಯ ತಾರೀಖಿಗೇ ಬರೋಣ. ಮಸಿಯ ಮಹತ್ವವನ್ನು ಬಿಟ್ಟು ನಿಜವಾದ ಮಹತ್ವವೂ ನಮ್ಮ ಪ್ರಾಂತದಲ್ಲಿ ಆ ದಿನಕ್ಕೆ ಉಂಟು. 1857ರಲ್ಲಿ ಉತ್ತರ ಹಿಂದುಸ್ಥಾನದಲ್ಲಿ ದಂಗೆಯೆದ್ದ ತರುವಾಯ ಕುಂಪಣಿ ಸರಕಾರವು ಜನರ ಕೈಯಲ್ಲಿದ್ದ ಆಯುಧಗಳನ್ನು ತೆಗೆದುಕೊಳ್ಳುವ ಕಾಯಿದೆಯನ್ನು ಮಾಡಿತು. ಹಿರಿಯರ ಕತ್ತಿಯನ್ನು ಜಗುಲಿಯ ಮೇಲಿಟ್ಟು ಮಹಾನವಮಿಗೆ ಪೂಜಿಸುವ ಮನೆತನಗಳಿಗೆ ಇದು ಮಾನಭಂಗವಾಗಿ ತೋರಿದುದು ಸಹಜವೇ. ಮುಂಡರಗಿಯ ಭೀಮರಾಯರು ಮೊದಲು ಆ ಸರಕಾರದಲ್ಲಿಯೇ ತಹಶೀಲದಾರರಾಗಿದ್ದವರು. ಅದರ ಒಳಹೊರಗನ್ನು ಬಲ್ಲವರು. ಅವರು ಹಮ್ಮಿಗೆಯ ಕೆಂಚನಗೌಡರನ್ನು ಕೂಡಿಕೊಂಡು 1858ರ ಮೇ ತಿಂಗಳ ಕೊನೆಯಲ್ಲಿ ಡಂಬಳದ ಖಜಾನೆಯನ್ನು ಸುಲಿದು, ಗಡಿಯನ್ನು ದಾಟಿ ನಿಜಾಮನ ಸೀಮೆಯಲ್ಲಿದ್ದ ಕೊಪ್ಪಳದ ಕೋಟೆಯನ್ನು ಸೇರಿದರು. ಅತ್ತ ನರಗುಂದದ ಬಾಬಾಸಾಹೇಬರಿಗೆ ದತ್ತಕವನ್ನು ನಿರಾಕರಿಸಿದ ದುಃಖದ ಮೇಲೆ ಆಯುಧಗಳನ್ನು ಕಸಿದ ಅವಮಾನವೂ ಸೇರಿತ್ತು. ಮೇ 29ರ ರಾತ್ರಿ ಸುರೇಬಾನದಲ್ಲಿ ಅವರ ಜನರು ಮ್ಯಾನ್ಸನನೆಂಬ ಅಧಿಕಾರಿಯನ್ನು ಕೊಂದರು.

ಇನ್ನು ಮೂರು ದಿನಗಳಲ್ಲಿ ಎಲ್ಲವೂ ಮುಗಿಯಿತು. ಜೂನ 1ರಂದು ಕೊಪ್ಪಳದ ಕೋಟೆಯ ಮೇಲೆ ಹ್ಯೂಸನ ಸೈನ್ಯವು ಏರಿಹೋಯಿತು. ಭೀಮರಾಯರೂ ಕೆಂಚನಗೌಡರೂ ಅಲ್ಲಿಯೇ ಕಾದಾಡಿ ಮಡಿದರು. ಅದೇ ಜೂನ 1ರಂದು ಮಾಲ್ಕಮನ ಸೈನ್ಯವು ನರಗುಂದದ ಮುಂದೆ ನಿಂತಿತ್ತು; ಮರುದಿನ ಆ ಕೋಟೆಯೂ ಹೋಯಿತು. ಬಾಬಾಸಾಹೇಬರು ಸೆರೆಸಿಕ್ಕು ಜೂನ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿದರು. ಗದಗಿನ ಮೂಡಲಿಗೊಂದು, ಬಡಗಲಿಗೊಂದು ಕೋಟೆ. ಎರಡಕ್ಕೂ ಗಂಡಾಂತರದ ದಿನ ಒಂದೇ. ಇದನ್ನು ಕಾಕತಾಲೀಯವೆಂದು ಹೇಳಲು ನಮ್ಮ ಮನಸ್ಸು ಒಪ್ಪುವುದಿಲ್ಲ. ನಮ್ಮ ಸಂಸ್ಥಾನಿಕರೂ ದೇಸಾಯರೂ ತಮ್ಮೊಳಗೆ ಗುಟ್ಟಾಗಿ ಮಾತಾಡಿಕೊಂಡಿದ್ದರೆಂದು ಇತಿಹಾಸಕಾರರು ಹೇಳುತ್ತಾರೆ. ಆದರೆ ಏಳುವಾಗ ಒಬ್ಬರು ಇಂದು, ಒಬ್ಬರು ನಾಳೆ ಎಂದು ಬೇರೆಬೇರೆ ದಿನ ಎದ್ದರು. ಒಂದೇ ದಿನವನ್ನು ಹಿಡಿದು ನಡೆದವನು ಶತ್ರುವೇ. ತಾರೀಖನ್ನು ಹಂಚಿಕೊಳ್ಳುವುದು ಹುಡುಗಾಟದ ಮಾತಲ್ಲವೆಂಬುದಕ್ಕೆ ಈ ಒಂದು ಉದಾಹರಣೆಯೇ ಸಾಕು.

ಆ ಇಸವಿಯಲ್ಲಿಯೇ ಐದು ತಿಂಗಳ ತರುವಾಯ, ನವಂಬರ 1ನೆಯ ತಾರೀಖು ಸೋಮವಾರ, ಅಲಹಾಬಾದಿನಲ್ಲಿ ಗವ್ಹರ್ನರ ಜನರಲ್ ಕ್ಯಾನಿಂಗನು ವಿಕ್ಟೋರಿಯಾ ರಾಣಿಯ ಘೋಷಣೆಯನ್ನು ಓದಿಸಿದನು. ಕುಂಪಣಿಯ ಆಳ್ವಿಕೆಯು ತೀರಿ ರಾಣಿಯ ಆಳ್ವಿಕೆಯು ಆರಂಭವಾಯಿತು. ದಂಗೆಯಲ್ಲಿ ಕೂಡಿದವರಲ್ಲಿ ಇಂಗ್ಲಿಷರ ಕೊಲೆಯಲ್ಲಿ ಭಾಗಿಗಳಾಗದವರು ಮುಂದಿನ ಜಾನೇವಾರಿ 1ರೊಳಗೆ ಶರಣುಬಂದರೆ ಅವರಿಗೆ ಕ್ಷಮೆಯೆಂದೂ, ಸಂಸ್ಥಾನಿಕರ ಹಕ್ಕುಗಳನ್ನು ಮನ್ನಿಸುವೆವೆಂದೂ ಅದರಲ್ಲಿ ಹೇಳಿತ್ತು. ಮುಂಡರಗಿಗೆ ಆ ಕ್ಷಮೆಯು ಐದು ತಿಂಗಳು ತಡವಾಗಿ ಬಂದಿತು. ಸಂಸ್ಥಾನಿಕರಿಗೆ ಕೊಟ್ಟ ಮಾತನ್ನಾದರೋ ಸರಕಾರವು ಬಹುಮಟ್ಟಿಗೆ ನಡೆಸಿಕೊಟ್ಟಿತು. ಅದರ ಫಲವಾಗಿ ನಮ್ಮ ಸೀಮೆಯು ಹರಕು ಕೌದಿಯಂತೆ ತುಂಡುತುಂಡಾಗಿಯೇ ಉಳಿಯಿತು.

ಆ ಕೌದಿಯ ತುಂಡುಗಳನ್ನು ಸ್ವಲ್ಪ ಎಣಿಸಿ ನೋಡಬೇಕು. ಗದಗ-ಬೆಟಗೇರಿಯೂ ಮುಂಡರಗಿಯೂ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯವು. ಗದಗಿನಿಂದ ತೆಂಕಣಕ್ಕೆ ಚಕ್ಕಡಿ ಹೂಡಿಕೊಂಡು ಹೊರಟರೆ ಸಂಜೆಯೊಳಗೆ ಮುಟ್ಟುವ ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಅದರ ಮಗ್ಗುಲಿನ ಲಕ್ಷ್ಮೇಶ್ವರವು ಮಿರಜ ಸಂಸ್ಥಾನದ್ದು. ಮುಂಡರಗಿಯಿಂದ ಮೂಡಲಿಗೆ ಗಡಿಯನ್ನು ದಾಟಿದರೆ ಕೊಪ್ಪಳ; ಅದು ನಿಜಾಮನ ರಾಜ್ಯದಲ್ಲಿ ಸಾಲಾರಜಂಗರ ಜಹಗೀರಿ. ‘ಕವಿರಾಜಮಾರ್ಗ’ವು ಒಂಬತ್ತನೆಯ ಶತಮಾನದಲ್ಲಿಯೇ ಕನ್ನಡದ ತಿರುಳನ್ನು ಗುರುತಿಸುವಾಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಪುಲಿಗೆರೆಯೂ ಕೊಪಣವೂ ಸೇರಿರುವುವು. ಪುಲಿಗೆರೆಯೆಂದರೆ ನಮ್ಮ ಲಕ್ಷ್ಮೇಶ್ವರ, ಕೊಪಣವೆಂದರೆ ಕೊಪ್ಪಳ. ಸಾವಿರ ವರ್ಷಗಳ ಹಿಂದೆ ಒಂದು ಪದ್ಯದಲ್ಲಿ ಕೂಡಿ ಕುಳಿತ ಊರುಗಳು ಇಪ್ಪತ್ತನೆಯ ಶತಮಾನದಲ್ಲಿ ಒಂದು ಮರಾಠಿ ಕಚೇರಿಗೂ ಇನ್ನೊಂದು ಉರ್ದು ಕಚೇರಿಗೂ ಅರ್ಜಿ ಬರೆಯುತ್ತಿದ್ದುವು.

ಹೀಗಿರುವುದರಿಂದ ಸ್ವಾತಂತ್ರ್ಯದ ತಾರೀಖೂ ನಮ್ಮಲ್ಲಿ ಒಂದಾಗಲಿಲ್ಲ. ಗದಗಿನಲ್ಲಿಯೂ ಮುಂಡರಗಿಯಲ್ಲಿಯೂ 1947ರ ಅಗಸ್ಟ 15ರಂದು ಪರರ ಆಳ್ವಿಕೆಯು ಹೋಯಿತು. ಸಾಂಗಲಿ, ಮಿರಜಗಳು ಭಾರತಕ್ಕೆ ಸೇರಿದ್ದರೂ ಊರ ಆಡಳಿತವು ಸಂಸ್ಥಾನಿಕರ ಹೆಸರಿನಲ್ಲಿಯೇ ನಡೆಯುತ್ತಿತ್ತು. 1948ರ ಮಾರ್ಚ 8ರಂದು ದಕ್ಷಿಣದ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದಾಗಲೇ ಶಿರಹಟ್ಟಿ, ಲಕ್ಷ್ಮೇಶ್ವರಗಳ ಕಚೇರಿಗಳು ಬದಲಾದುವು. ಕೊಪ್ಪಳದವರಂತೂ ಅಗಸ್ಟ 15ರಂದು ಬಾವುಟವನ್ನು ಏರಿಸಿದರೆ ಸೆರೆಮನೆಯನ್ನು ಕಾಣಬೇಕಾಗಿತ್ತು. ರಜಾಕಾರರ ಉಪಟಳವನ್ನು ತಾಳಲಾರದೆ ಗಡಿ ದಾಟಿ ಬಂದವರ ಹಾಗೂ ಹೋರಾಟಗಾರರ ಶಿಬಿರಗಳು ಗಡಿಯ ಈಚೆಗೆ ಏರ್ಪಟ್ಟುವು. ಮುಂಡರಗಿಯ ಶಿಬಿರದಲ್ಲಿ ಅಳವಂಡಿಯ ಶಿವಮೂರ್ತಿಸ್ವಾಮಿಗಳು ಮುಂದಾಳುಗಳಾಗಿದ್ದರು. 1948ರ ಸಪ್ಟಂಬರ 17ರಂದು ನಿಜಾಮನು ಶರಣಾದ ಮೇಲೆ ಅವರಿಗೆ ಬಿಡುಗಡೆ. ಒಂದೇ ಬಳಗದ ಮೂರು ಮನೆಗಳಿಗೆ ಮೂರು ಸ್ವಾತಂತ್ರ್ಯದಿನಗಳು! ನಮ್ಮ ತಾಯಿಯವರ ತವರು ಶಿರಹಟ್ಟಿಯ ಕಡೆಗೆ. ಅವರು ಕೊನೆಯವರೆಗೂ ಯಾವ ಹಳೆಯ ಸಂಗತಿಯನ್ನಾದರೂ ‘ಸಾಂಗಲಿಯವರ ಕಾಲದಾಗ’, ‘ಸಾಂಗಲಿಯವರು ಹೋದ ಮ್ಯಾಲೆ’ ಎಂದು ವಿಂಗಡಿಸಿಯೇ ಹೇಳುತ್ತಿದ್ದರು. ನಾವಾದರೋ ಮಾಸ್ತರಿಕೆಯ ಮೊದಲ ಹತ್ತು ವರ್ಷ ಕರಿಹಲಗೆಯ ಮೇಲೆ ‘ಈ ದಿನ ನಮ್ಮ ಎಲ್ಲ ಊರುಗಳೂ ಸ್ವತಂತ್ರವಾದುವು’ ಎಂದು ಅಗಸ್ಟದಲ್ಲಿ ಬರೆಯುತ್ತಲೇ ಇದ್ದೆವು. ಮನೆಯಲ್ಲಿದ್ದ ಇತಿಹಾಸವನ್ನು ಕೇಳದೆ ಪುಸ್ತಕದ ಇತಿಹಾಸವನ್ನೇ ನಂಬಿದ ಪರಿಣಾಮವಿದು.

ಈ ಎಲ್ಲ ಊರುಗಳಿಗೂ ಮೊಟ್ಟಮೊದಲು ಒಂದೇ ತಾರೀಖನ್ನು ಕೊಟ್ಟುದು 1956ರ ನವಂಬರ 1, ಗುರುವಾರ. ರಾಜ್ಯ ಪುನರ್ವಿಂಗಡಣೆಯ ಕಾಯಿದೆಯು ಅಂದು ಜಾರಿಗೆ ಬಂದು, ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಆಡಳಿತಗಳಲ್ಲಿ ಹರಿದುಹೋಗಿದ್ದ ಕನ್ನಡ ನಾಡು ಒಂದಾಯಿತು. ಬೆಂಗಳೂರಿನಲ್ಲಿ ರಾಷ್ಟ್ರಪತಿ ರಾಜೇಂದ್ರಪ್ರಸಾದರು ಹೊಸ ರಾಜ್ಯವನ್ನು ಉದ್ಘಾಟಿಸಿದರು, ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾದರು. ಏಕೀಕರಣದ ಹಾಡನ್ನು ಬರೆದು 1924ರ ಬೆಳಗಾವಿ ಕಾಂಗ್ರೆಸಿನಲ್ಲಿ ಅದು ಮೊಳಗುವುದನ್ನು ಕಂಡ ಗದಗಿನ ವಕೀಲರಾದ ಹುಯಿಲಗೋಳ ನಾರಾಯಣರಾಯರು ಮೂವತ್ತೆರಡು ವರ್ಷಗಳ ತರುವಾಯ ಅದು ನಿಜವಾದುದನ್ನೂ ಕಣ್ಣಾರೆ ಕಂಡರು. ಜಕ್ಕಲಿಯ ದೊಡ್ಡಮೇಟಿ ಅಂದಾನಪ್ಪನವರು 1953ರಲ್ಲಿ ತಮ್ಮ ಊರಿನಲ್ಲಿ ಉಪವಾಸ ಕುಳಿತುದು ಇದಕ್ಕಾಗಿಯೇ. ವಯೋವೃದ್ಧರಾದ ಆಲೂರ ವೆಂಕಟರಾಯರು ಹಂಪಿಗೆ ಹೋಗಿ ವಿರೂಪಾಕ್ಷನ ಸನ್ನಿಧಿಯಲ್ಲಿ ಭುವನೇಶ್ವರಿಗೆ ಪೂಜೆ ಸಲ್ಲಿಸಿದರು.

ಆದರೆ ಅದೇ ತಾರೀಖು ಎಲ್ಲ ಕನ್ನಡಿಗರಿಗೂ ಹಬ್ಬವಾಗಲಿಲ್ಲವೆಂಬುದನ್ನು ಮರೆಯಲಾಗದು. ದಕ್ಷಿಣ ಕನ್ನಡ ಜಿಲ್ಲೆಯು ನಮ್ಮೊಡನೆ ಕೂಡಿತು. ಅದರ ಕಾಸರಗೋಡು ತಾಲೂಕು ಅದೇ ದಿನ ಹುಟ್ಟಿದ ಕೇರಳಕ್ಕೆ ಹೋಯಿತು. ಬೆಳಗಾವಿ ಜಿಲ್ಲೆಯು ಬಂದಿತು, ಅದರ ಚಂದಗಡವು ಮುಂಬಯಿಯಲ್ಲಿ ಉಳಿಯಿತು. ಅಕ್ಕಲಕೋಟ, ಜತ್ತಗಳ ಕನ್ನಡಿಗರೂ ಆಚೆಯೇ ಉಳಿದರು. ಕಯ್ಯಾರ ಕಿಞ್ಞಣ್ಣ ರೈಗಳು ತಮ್ಮ ದೀರ್ಘಾಯುಷ್ಯದುದ್ದಕ್ಕೂ ನವಂಬರ 1ನ್ನು ಈ ಗಾಯದೊಡನೆಯೇ ಕಂಡವರು. ಗದಗಿನಲ್ಲಿ ಹೋಳಿಗೆಯ ಊಟ ನಡೆದ ಹೊತ್ತಿಗೆ ಕಾಸರಗೋಡಿನ ಕನ್ನಡ ಮನೆಗಳಲ್ಲಿ ಒಲೆಯೇ ಉರಿದಿತ್ತೋ ಇಲ್ಲವೋ! ಆಂಧ್ರಪ್ರದೇಶ, ಮಧ್ಯಪ್ರದೇಶಗಳೂ ಅಂದೇ ಹುಟ್ಟಿದುವು. 1966ರ ನವಂಬರ 1ರಂದು ಹರಿಯಾಣ, 2000ದ ನವಂಬರ 1ರಂದು ಛತ್ತೀಸಗಡ.

ರಾಜ್ಯಕ್ಕೆ ಹೆಸರು ಮಾತ್ರ ಮೈಸೂರು ಎಂದೇ ಉಳಿದಿತ್ತು. ಹದಿನೇಳು ವರ್ಷಗಳ ತರುವಾಯ, 1973ರಲ್ಲಿ, ‘ಕರ್ನಾಟಕ’ ಎಂಬ ನಾಮಕರಣಕ್ಕೂ ನವಂಬರ 1ನ್ನೇ ಆರಿಸಿದರು. ಅದೂ ಗುರುವಾರವೇ! ತಾರೀಖನ್ನು ಸರಕಾರವು ಆರಿಸಿತು, ವಾರವು ತಾನಾಗಿ ಕೂಡಿಬಂದಿತು. ಆಲೂರರು 1964ರಲ್ಲಿ, ಹುಯಿಲಗೋಳರು 1971ರಲ್ಲಿ, ಅಂದಾನಪ್ಪನವರು 1972ರಲ್ಲಿ ತೀರಿಕೊಂಡಿದ್ದರು. ಮೂವರೂ ನಾಡನ್ನು ಕಂಡರು, ನಾಡಿನ ಹೆಸರನ್ನು ಕಾಣಲಿಲ್ಲ. ಆ ನವಂಬರದ ಮೊದಲ ವಾರದಲ್ಲಿ ಮುಖ್ಯಮಂತ್ರಿ ದೇವರಾಜ ಅರಸರು ಗದಗಿಗೂ ಬಂದು ನಾಮಕರಣದ ಉತ್ಸವವು ನಡೆಯಿತು. ನಾವು ಆಗ ಎಂಟು ವರ್ಷದ ಬಾಲಕರು. ತಂದೆಯವರ ಹೆಗಲೇರಿ ನೋಡಿದ ಜನಸಾಗರ, ಕಾಗದದ ಬಾವುಟ, ಯಾರೋ ಕೈಗಿಟ್ಟ ಪೇಡೆ, ಇಷ್ಟು ಮಾತ್ರ ನೆನಪಿನಲ್ಲಿವೆ.

ಹೀಗೆ ಬುದ್ಧಿಪೂರ್ವಕವಾಗಿ ಆರಿಸಿದ ತಾರೀಖುಗಳು ಇನ್ನೂ ಇವೆ. 1930ರ ಜಾನೇವಾರಿ 26ನ್ನು ಕಾಂಗ್ರೆಸು ಪೂರ್ಣ ಸ್ವರಾಜ್ಯದ ದಿನವೆಂದು ಆಚರಿಸಿತು. ಆ ನೆನಪಿಗಾಗಿ, 1949ರ ನವಂಬರದಲ್ಲಿಯೇ ಸಿದ್ಧವಾದ ಸಂವಿಧಾನವನ್ನು 1950ರ ಜಾನೇವಾರಿ 26ರವರೆಗೆ ಕಾಯಿಸಿ ಪೂರ್ಣವಾಗಿ ಜಾರಿಗೆ ತಂದರು. ಅಗಸ್ಟ 15ನ್ನು ಮೌಂಟಬ್ಯಾಟನನು ಆರಿಸಿದುದು 1945ರಲ್ಲಿ ಜಪಾನು ಶರಣಾದ ದಿನವೆಂಬ ಅಭಿಮಾನದಿಂದ. ಸಂಗೊಳ್ಳಿ ರಾಯಣ್ಣನು ಹುಟ್ಟಿದುದು ಅಗಸ್ಟ 15ರಂದು, ನಂದಗಡದಲ್ಲಿ ಗಲ್ಲಿಗೇರಿದುದು ಜಾನೇವಾರಿ 26ರಂದು ಎಂದು ನಮ್ಮ ಜನರು ರೋಮಾಂಚನಗೊಂಡು ಹೇಳುವುದುಂಟು. 1831ರ ಜಾನೇವಾರಿ 26 ಎಂಬುದು ದಾಖಲೆಯ ಮಾತು. ಹುಟ್ಟಿದ ತಾರೀಖು ಜನಪರಂಪರೆಯದು. ಇಸವಿಯನ್ನೇ ಒಬ್ಬರು 1796 ಎಂದರೆ ಇನ್ನೊಬ್ಬರು 1798 ಎನ್ನುತ್ತಾರೆ. ಜೂನ 1ರ ಮಾಸ್ತರರಾದ ನಾವು ಇದರಲ್ಲಿ ಕಟುವಾಗಿ ಮಾತಾಡಲು ಅರ್ಹರಲ್ಲ. ಪ್ರೀತಿಯುಳ್ಳ ಜನರು ತಮ್ಮ ವೀರನಿಗೆ ಒಳ್ಳೆಯ ದಿನವೊಂದನ್ನು ಕೊಟ್ಟಿದ್ದರೆ ಅದು ಮಸಿಯ ಸೋಮಾರಿತನಕ್ಕಿಂತ ಮೇಲೇ.

ಇನ್ನು ಸಂಸ್ಕೃತವನ್ನು ಓದಿದವರ ಒಂದು ತಕರಾರನ್ನೂ ಇಲ್ಲಿ ಹೇಳಬೇಕು. ಒಂದೇ ದಿನವೆಂದರೆ ಯಾವ ಲೆಕ್ಕದ ಒಂದೇ ದಿನ? ನಮ್ಮ ಹಳೆಯ ಶಾಸನಗಳು ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳನ್ನು ಹೇಳುವುವೇ ಹೊರತು ನವಂಬರವನ್ನು ಅರಿಯವು. 1956ರ ನವಂಬರ 1 ದುರ್ಮುಖಿ ಸಂವತ್ಸರದ ಆಶ್ವಯುಜ ಬಹುಳ ಚತುರ್ದಶಿ, ಎಂದರೆ ನರಕ ಚತುರ್ದಶಿ. ನಾಡು ಎಣ್ಣೆಯ ಸ್ನಾನ ಮಾಡಿಯೇ ಒಂದಾಯಿತು. 1858ರ ನವಂಬರ 1 ಕೂಡ ದೀಪಾವಳಿಯ ಅಮಾವಾಸ್ಯೆಗೆ ನಾಲ್ಕು ದಿನ ಮುಂಚೆಯೇ ಬಿದ್ದಿತ್ತು. 1973ರಲ್ಲಿ ಆ ತಾರೀಖು ಕಾರ್ತಿಕ ಶುದ್ಧಕ್ಕೆ ಸರಿದಿತ್ತು. ಚಾಂದ್ರವರ್ಷವು ಸೌರವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಚಿಕ್ಕದು. ಎರಡು ಮೂರು ವರ್ಷಗಳಿಗೊಮ್ಮೆ ಅಧಿಕಮಾಸವು ಬಂದು ಆ ಕೊರತೆಯನ್ನು ತುಂಬುತ್ತದೆ. ಹತ್ತೊಂಬತ್ತು ವರ್ಷಗಳಿಗೊಮ್ಮೆ ತಿಥಿಯೂ ತಾರೀಖೂ ಹೆಚ್ಚುಕಡಿಮೆ ಹಳೆಯ ಜೋಡಿಗೆ ಬರುತ್ತವೆ. ನಡುವೆಯೂ ಕೆಲವೊಮ್ಮೆ ಸಮೀಪಿಸುವುದುಂಟು. 2024ರಲ್ಲಿ ದೀಪಾವಳಿಯ ಅಮಾವಾಸ್ಯೆಯೂ ರಾಜ್ಯೋತ್ಸವವೂ ಒಂದೇ ದಿನ ಬಂದುದನ್ನು ವಾಚಕರು ಮರೆತಿರಲಾರರು. ಬಾವುಟವನ್ನು ಏರಿಸಿ ಮನೆಗೆ ಬಂದು ಲಕ್ಷ್ಮೀಪೂಜೆಗೆ ಕುಳಿತೆವು.

ಇನ್ನು ನಮ್ಮ ತಪ್ಪಿನ ಮಾತು. 1988ರ ಜೂನದಲ್ಲಿ, ಮುಂಡರಗಿಯ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ನಾವು ಇಪ್ಪತ್ತಮೂರು ವರ್ಷದ ಮಾಸ್ತರರು. ಕೂಲಿಗೆ ಹೋಗುವ ತಾಯಿಯೊಬ್ಬಳು ಮಗನನ್ನು ಕರೆತಂದಳು. ಹುಟ್ಟಿದುದು ಯಾವಾಗ ಎಂದು ಕೇಳಿದರೆ, ‘ಎರಡು ಆಶ್ವೀಜ ಬಂದಿದ್ದುವಲ್ರೀ, ಆ ವರ್ಷ, ಎರಡನೇದರಾಗ ಶೀಗಿ ಹುಣ್ಣಿವಿ ದಿನಾನs ಹುಟ್ಟ್ಯಾನ್ರಿ’ ಎಂದಳು. ಇಷ್ಟು ಖಚಿತವಾದ ಮಾತನ್ನು ಪಂಡಿತನೂ ಹೇಳಲಾರ. ಅಧಿಕಮಾಸವೆಂದರೇನೆಂದು ಬಲ್ಲ ನಾವು, ಮನೆಯ ಮಾಡದಲ್ಲಿ ಹಳೆಯ ಪಂಚಾಂಗಗಳ ಕಟ್ಟನ್ನೇ ಇಟ್ಟುಕೊಂಡ ನಾವು, ಅದನ್ನು ಬಿಚ್ಚಲಿಲ್ಲ. ಹುಡುಗನಿಗೆ ಆರು ವರ್ಷ ತುಂಬಿದಂತೆ ತೋರಿಸಿದರೆ ಶಾಲೆಗೆ ಸೇರಿಸಲು ಸುಲಭ, ತಾಯಿಯೂ ನಿಶ್ಚಿಂತಳಾಗಿ ಹೊಲಕ್ಕೆ ಹೋದಾಳು ಎಂದು ಎಣಿಸಿ 1982ರ ಜೂನ 1 ಎಂದು ಬರೆದೆವು. ಅದನ್ನು ಉಪಕಾರವೆಂದೇ ಅಂದು ತಿಳಿದಿದ್ದೆವು.

ಹುಡುಗನು ಚೆನ್ನಾಗಿ ಓದಿದನು, ಚೆನ್ನಾಗಿ ಓಡುತ್ತಲೂ ಇದ್ದನು. ಬೆಳೆದ ಮೇಲೆ ಒಂದು ಸರಕಾರಿ ನೌಕರಿಯ ಭರತಿಗೆ ಅರ್ಜಿ ಹಾಕಿದಾಗ ವಯಸ್ಸಿನ ಮಿತಿಯನ್ನು ಎರಡು ತಿಂಗಳು ದಾಟಿದ್ದನು. ಅಂಕಪಟ್ಟಿಯಲ್ಲಿ ಇಳಿದ ತಾರೀಖನ್ನು ತಿದ್ದಿಸಲು ಆತನು ಅಲೆದನು. ನಮ್ಮ ಬಳಿಗೂ ಬಂದು ಒಂದು ಪತ್ರವನ್ನು ಬರೆಸಿಕೊಂಡು ಹೋದನು. ಕಾಗದದ ಮುಂದೆ ನಮ್ಮ ಪಶ್ಚಾತ್ತಾಪವು ನಡೆಯಲಿಲ್ಲ. ಆತನು ಮುಂಡರಗಿಯಲ್ಲಿ ಕಿರಾಣಿ ಅಂಗಡಿಯನ್ನು ಇಟ್ಟನು. ಎದುರಿಗೆ ಬಂದರೆ ಇಂದಿಗೂ ಚಪ್ಪಲಿ ಬಿಟ್ಟು ನಮಸ್ಕರಿಸುತ್ತಾನೆ. ಅದೇ ನಮಗೆ ಹೆಚ್ಚು ಕಷ್ಟದ್ದು.

ನಿವೃತ್ತಿಯ ತರುವಾಯ ಮಾಡವನ್ನು ಝಾಡಿಸುವಾಗ ದುಂದುಭಿ ಸಂವತ್ಸರದ ಪಂಚಾಂಗವು ಕೈಗೆ ಬಂದಿತು. ಆ ವರ್ಷ ಅಧಿಕ ಆಶ್ವಯುಜ, ನಿಜ ಆಶ್ವಯುಜ ಎರಡೂ ಇದ್ದುವು. ಬೆರಳನ್ನು ಇಳಿಸುತ್ತ ಹೋಗಿ ನಿಜ ಆಶ್ವಯುಜದ ಹುಣ್ಣಿಮೆಯ ಮೇಲೆ ನಿಂತೆವು. ಸೋಮವಾರ, 1982ನೆಯ ಇಸವಿಯ ನವಂಬರ 1. ಐದು ನಿಮಿಷದ ಕೆಲಸವಾಗಿತ್ತು. ಆ ಹುಡುಗನು ನಮ್ಮ ಶಾಲೆಯಲ್ಲಿದ್ದಷ್ಟು ವರ್ಷವೂ ನವಂಬರ 1ರಂದು ಒಗೆದ ಅಂಗಿಯನ್ನು ತೊಟ್ಟು ಸಾಲಿನಲ್ಲಿ ನಿಂತಿದ್ದನು. ಕರಿಹಲಗೆಯ ಮೇಲೆ ನಾವು ಬರೆದ ದಿನವಿಶೇಷವನ್ನು ಗಟ್ಟಿಯಾಗಿ ಓದಿದ್ದನು. ಅದರಲ್ಲಿ ಆತನ ಹೆಸರೂ ಇರಬೇಕಾಗಿತ್ತೆಂಬುದು ಅವನಿಗೂ ತಿಳಿಯದು, ಬರೆದ ನಮಗೂ ತಿಳಿಯದು.

ಪಂಚಾಂಗವನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿ ಮುಂಡರಗಿಗೆ ಹೋದೆವು. ಗಿರಾಕಿಗಳು ಕಡಿಮೆಯಾದ ಮೇಲೆ ಗಲ್ಲೆಯ ಮೇಲೆ ಪುಟವನ್ನು ತೆರೆದು ತೋರಿಸಿ, ಆಗಬೇಕಾದ ಮಾತನ್ನೆಲ್ಲ ಹೇಳಿದೆವು. ಆತನು ಬಹಳ ಹೊತ್ತು ಆ ಸಾಲನ್ನೇ ನೋಡಿದನು. ‘ಇರ್ಲಿ ಬಿಡ್ರಿ ಸರ, ಆದದ್ದು ಆಗಿ ಹೋತು. ಈ ಹಾಳಿ ಒಂದ ನಾಕ ದಿನ ನನ್ನ ಹತ್ರ ಇರ್ಲೇನ್ರಿ? ಅವ್ವ ಇನ್ನೂ ಅದಾಳ್ರಿ. ತಾನು ಹೇಳಿದ್ದು ಖರೇ ಇತ್ತು ಅಂತ ಆಕಿಗೆ ತೋರಸ್ತೀನಿ’ ಎಂದನು. ಪಂಚಾಂಗವನ್ನು ಅಲ್ಲಿಯೇ ಬಿಟ್ಟು ಸಂಜೆಯ ಬಸ್ಸಿಗೆ ಗದಗಿಗೆ ಮರಳಿದೆವು.